ಹತ್ತಾದ ಒಣಹೊಳೆಯಲ್ಲಿ ಕಳೆದ ಕರಿಮಣಿ

2014ರಲ್ಲಿ ನಾನು ದುಬೈಯ ದೇರಾದಲ್ಲಿ ಮೆಟಲ್ ಡಿಟೆಕ್ಟರ್ ಮಾರುವ ಒಂದು ಕಂಪನಿಯಲ್ಲಿ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಹೆಸರಿಗೆ ಎಂಜಿನಿಯರ್. ಕೆಲಸವೆಂದರೆ ಕೆಟ್ಟ ಮಿಶಿನ್ ರಿಪೇರಿ ಮಾಡುವುದು, ಹೊಸದಾಗಿ ಕೊಂಡವರಿಗೆ ಬಳಸಲು ಕಲಿಸುವುದು. ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಸುಡಾನಿನವರು. ಅಲ್ಲಿಯ ಮರುಭೂಮಿಯಲ್ಲಿ ಚಿನ್ನದ ಚೂರು ಹುಡುಕಿ ಬದುಕು ಕಟ್ಟಿಕೊಳ್ಳುವ ಆಸೆಯಿಂದ ಬರುತ್ತಿದ್ದರು. ಅವರಿಗೆ ಮೂರು ದಿನ ಪಾಠ ಹೇಳಿ ಕಳಿಸುವಾಗ ನಾನು ಮಹಾ ಪಂಡಿತನ ಹಾಗೆ ಎದೆಯುಬ್ಬಿಸಿಕೊಂಡು ನಿಲ್ಲುತ್ತಿದ್ದೆ. ಈಗ ನಿವೃತ್ತನಾಗಿ ಕೂತು ನೆನೆಸಿಕೊಂಡರೆ ಆ ಪಾಂಡಿತ್ಯದ ಮೇಲೆ ನನಗೇ ಸಿಟ್ಟು ಬರುತ್ತದೆ. ಅದಕ್ಕೆ ಕಾರಣ ಆ ವರ್ಷದ ಫೆಬ್ರವರಿಯ ಒಂದು ಶನಿವಾರ.

ಹಿಂದಿನ ದಿನ ಸಂಜೆ ದುಬೈಯ ಮಿರ್ದಿಫ್ ಬಡಾವಣೆಯಿಂದ ದಯಾನಂದ ಕೋಟ್ಯಾನ್ ಎಂಬವರು ಫೋನ್ ಮಾಡಿದರು. ನಮ್ಮ ಕರಾವಳಿಯವರೇ, ಏರ್ ಕಂಡೀಶನಿಂಗ್ ಕಂಟ್ರಾಕ್ಟ್ ಕೆಲಸದವರು. ಊರಿನವರ ಕಾರ್ಯಕ್ರಮಗಳಲ್ಲಿ ಮುಖ ಕಂಡು ಪರಿಚಯ. ಅವರ ಸ್ವರ ಕೇಳಿದಾಗಲೇ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು.

ನಡೆದದ್ದು ಇಷ್ಟು. ಅದಕ್ಕೂ ಹಿಂದಿನ ಶುಕ್ರವಾರ ಅವರ ಸಂಸಾರ ಹತ್ತಾಕ್ಕೆ ಪಿಕ್‌ನಿಕ್ ಹೋಗಿತ್ತು. ಹತ್ತಾ ದುಬೈಗೆ ಸೇರಿದ ಗುಡ್ಡಗಾಡು ಊರು. ಅಲ್ಲಿ ಗುಡ್ಡಗಳ ನಡುವೆ ಮಳೆ ಬಂದಾಗ ಮಾತ್ರ ಹರಿಯುವ ಒಣಹೊಳೆಗಳಿವೆ, ನಡುನಡುವೆ ನೀರು ನಿಂತ ಗುಂಡಿಗಳೂ ಇವೆ. ಅಂಥ ಒಂದು ಗುಂಡಿಯಲ್ಲಿ ಮಕ್ಕಳ ಜೊತೆ ನೀರಿಗಿಳಿಯುವ ಮೊದಲು ಕೋಟ್ಯಾನ್ರ ಹೆಂಡತಿ ವಿನುತಾ ಕತ್ತಿನ ಕರಿಮಣಿ ತೆಗೆದಿಟ್ಟರು. ಸಾಧಾರಣವಾಗಿ ತೆಗೆಯುವವರಲ್ಲ. ಆದರೆ ಸರದ ಒಂದು ಕೊಂಡಿ ತುಂಡಾಗಿ ನೂಲಿನಲ್ಲಿ ಕಟ್ಟಿಕೊಂಡಿದ್ದರು, ನೀರಿನಲ್ಲಿ ಕಳಚಿ ಹೋದೀತೆಂಬ ಹೆದರಿಕೆ. ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿನ ಸೈಡ್ ಜೇಬಿಗೆ ಹಾಕಿದೆ ಎಂದು ಅವರು ಹೇಳುತ್ತಿದ್ದರು. ಬ್ಯಾಗನ್ನು ಕಾರಿಗೆ ಒಯ್ದು ಇಟ್ಟವರು ಡ್ರೈವರ್ ಹಮೀದಾಕ. ಮನೆಗೆ ಬಂದು ನೋಡಿದರೆ ಕರಿಮಣಿ ಇಲ್ಲ.

ಹಮೀದಾಕ ಉಪ್ಪಿನಂಗಡಿ ಕಡೆಯ ಬ್ಯಾರಿ, ಐವತ್ತು ದಾಟಿದವರು, ಒಂಬತ್ತು ವರ್ಷದಿಂದ ಆ ಮನೆಯ ಡ್ರೈವರ್. ಮುಂದಿನ ಗುರುವಾರ ಅವರು ಊರಿಗೆ ಹೊರಟಿದ್ದರು, ಮಗಳ ನಿಕಾಹ್. ಟಿಕೆಟ್ ಆಗಿತ್ತು. ಚಿನ್ನ ಹೋದದ್ದಕ್ಕೂ ಮಗಳ ಮದುವೆಗೂ ಗಂಟು ಹಾಕಲು ಯಾರಿಗೂ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವರ ಪೆಟ್ಟಿಗೆ ಬಿಚ್ಚಿಸಿದರು, ತಲೆದಿಂಬು ಬಿಚ್ಚಿ ನೋಡಿದರು. ಏನೂ ಸಿಗಲಿಲ್ಲ. ಭಾನುವಾರ ಬೆಳಿಗ್ಗೆ ಪೊಲೀಸ್ ಕಂಪ್ಲೇಂಟ್ ಕೊಡುವುದೆಂದು ಕೋಟ್ಯಾನ್ರು ತೀರ್ಮಾನಿಸಿದ್ದರು. ಕಂಪ್ಲೇಂಟ್ ಆದರೆ ಏನಾಗುತ್ತದೆಂದು ಗಲ್ಫಿನಲ್ಲಿ ಇದ್ದವರಿಗೆಲ್ಲ ಗೊತ್ತು. ಕೇಸ್ ಮುಗಿಯುವವರೆಗೆ ದೇಶ ಬಿಡುವ ಹಾಗಿಲ್ಲ. ತಂದೆ ಇಲ್ಲಿ ಕಟಕಟೆಯಲ್ಲಿ, ಮಗಳ ನಿಕಾಹ್ ಅಲ್ಲಿ. ಅದೂ ನಡೆದರೆ.

ಕೋಟ್ಯಾನ್ರು ಕೆಟ್ಟ ಮನುಷ್ಯರಲ್ಲ. ಕಂಪ್ಲೇಂಟಿಗೆ ಮೊದಲು ಒಂದು ಸಲ ಹೊಳೆಯಲ್ಲೂ ಹುಡುಕಿಸಿಬಿಡೋಣ, ಆಮೇಲೆ ಮನಸ್ಸಿಗೆ ಚುಚ್ಚಬಾರದು ಎಂದರು. ಸಿಗದಿದ್ದರೆ ಕಂಪನಿಯ ಲೆಟರ್‌ಹೆಡ್‌ನಲ್ಲಿ ಒಂದು ಸಾಲು ಬರೆದುಕೊಡಿ ಎಂದೂ ಕೇಳಿಕೊಂಡರು. ನಾನು ಹೂಂ ಎಂದೆ. ಆ ಒಂದು ಹೂಂನ ಭಾರ ಆಗ ನನಗೆ ತಿಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಕೋಟ್ಯಾನ್ರು, ಹಮೀದಾಕ, ನಾನು ಮೂವರೂ ಒಂದೇ ಕಾರಿನಲ್ಲಿ ಹೊರಟೆವು. ಓಡಿಸಿದವರು ಹಮೀದಾಕನೇ. ಕಳ್ಳನೆಂದು ಸಂಶಯಪಟ್ಟ ಮನುಷ್ಯನ ಪಕ್ಕದಲ್ಲಿ ಕೂತು ಒಂದೂವರೆ ಗಂಟೆ ಹೋಗುವುದೆಂದರೆ ಮುಳ್ಳಿನ ಮೇಲೆ ಕೂತ ಹಾಗೆ. ಎಸಿ ಹಾಕಿದ್ದರೂ ಅವರ ಕತ್ತಿನಿಂದ ಬೆವರು ಇಳಿಯುತ್ತಿತ್ತು.

ಹೊಳೆಗೆ ಇಳಿದಾಗಲೇ ಕೆಲಸ ಅಂದುಕೊಂಡಷ್ಟು ಸುಲಭವಲ್ಲ ಎಂದು ಗೊತ್ತಾಯಿತು. ಮಂಗಳವಾರ ಗುಡ್ಡದಲ್ಲಿ ಮಳೆ ಬಿದ್ದು ಹೊಳೆ ಅರ್ಧ ದಿನ ಹರಿದಿತ್ತು. ಅವರು ಚಾಪೆ ಹಾಸಿ ಕೂತ ಜಾಗದ ಮೇಲೆ ಹೊಸ ಜಲ್ಲಿ ಬಂದು ಹಾಸಿಕೊಂಡಿತ್ತು. ಗುರುತಿಗೆ ಉಳಿದದ್ದು ಎಮ್ಮೆಯಷ್ಟು ದೊಡ್ಡ ಒಂದು ಬಂಡೆ ಮಾತ್ರ. ಪೂರ್ವದ ಗುಡ್ಡಗಳ ಮೇಲೆ ಮತ್ತೆ ಮೋಡ ಕಟ್ಟುತ್ತಿತ್ತು. ನೆತ್ತಿಯ ಮೇಲೆ ಬಿಸಿಲಿದ್ದರೂ ಎಲ್ಲೋ ಮೇಲೆ ಬಿದ್ದ ಮಳೆ ಹತ್ತೇ ನಿಮಿಷದಲ್ಲಿ ಕೆಳಗೆ ಕಾರುಗಳನ್ನು ಎತ್ತಿಕೊಂಡು ಹೋಗುವ ಜಾಗ ಅದು. ನಾನು ಕಾರನ್ನು ದಡದ ಮೇಲೆ, ಮೂತಿ ರಸ್ತೆಯ ಕಡೆಗೆ ಮಾಡಿ ನಿಲ್ಲಿಸಲು ಹೇಳಿದೆ.

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ ಹೇಳಲೇಬೇಕು. ಡಿಟೆಕ್ಟರಿನ ತುದಿಯಲ್ಲಿ ತಟ್ಟೆಯಂಥ ಕಾಯಿಲ್ ಇರುತ್ತದೆ. ಅದು ನೆಲದೊಳಗೆ ವಿದ್ಯುತ್ಕಾಂತದ ಮಿಡಿತ ಕಳಿಸುತ್ತದೆ. ಕೆಳಗೆ ಲೋಹವಿದ್ದರೆ ಉತ್ತರ ಬಂದು ಹೆಡ್‌ಫೋನಿನಲ್ಲಿ ಸದ್ದಾಗುತ್ತದೆ. ಬೀಚಿನ ಒಣ ಮರಳು ಸುಮ್ಮನಿರುತ್ತದೆ, ಅಲ್ಲಿ ಉಂಗುರ ಹುಡುಕುವುದು ಮಕ್ಕಳಾಟ. ಹತ್ತಾದ ಗುಡ್ಡಗಳದು ಮಿನರಲೈಸ್ಡ್ ಗ್ರೌಂಡ್. ಆ ಕಪ್ಪು, ಹಸಿರು ಕಲ್ಲುಗಳಲ್ಲಿ ಕಬ್ಬಿಣದ ಅಂಶ ಎಷ್ಟಿದೆಯೆಂದರೆ ನೆಲವೇ ಲೋಹದ ಹಾಗೆ ಕೂಗುತ್ತದೆ. ಸಂತೆಯ ಗದ್ದಲದಲ್ಲಿ ಮಗುವಿನ ಅಳು ಹುಡುಕಿದಂತೆ. ಈ ಗದ್ದಲವನ್ನು ಅಳೆದು ಕಳೆಯುವ ಏರ್ಪಾಡಿಗೆ ಗ್ರೌಂಡ್ ಬ್ಯಾಲೆನ್ಸ್ ಎನ್ನುತ್ತಾರೆ. ಅದರಲ್ಲಿ ಎರಡು ಬಗೆ. ಫಿಕ್ಸ್ಡ್‌ನಲ್ಲಿ ನಾವೇ ಒಂದು ಕಡೆ ನೆಲಕ್ಕೆ ಹೊಂದಿಸಿ ಬಿಡುತ್ತೇವೆ, ಅದು ಬದಲಾಗುವುದಿಲ್ಲ. ಟ್ರ್ಯಾಕಿಂಗ್‌ನಲ್ಲಿ ನಾವು ನಡೆದಂತೆಲ್ಲ ಮಿಶಿನೇ ನೆಲವನ್ನು ಕಲಿತುಕೊಳ್ಳುತ್ತ ಹೋಗುತ್ತದೆ. ಹೆಜ್ಜೆಗೊಂದು ಬಣ್ಣದ ಕಲ್ಲಿರುವ ಆ ಹೊಳೆಯಲ್ಲಿ ನಾನು ಟ್ರ್ಯಾಕಿಂಗ್ ಹಾಕಿದೆ. ಕಿವಿಗೆ ಆರಾಮ.

ಕರಿಮಣಿ ಬೇರೆ ಹುಡುಕಲು ಕಷ್ಟದ ವಸ್ತು. ಕಪ್ಪು ಮಣಿಗಳು ಗಾಜು, ಅವು ಮಾತಾಡುವುದಿಲ್ಲ. ಬಳೆಯಂಥ ಪೂರ್ತಿ ಸುತ್ತು ದೊಡ್ಡದಾಗಿ ಕೂಗುತ್ತದೆ. ಸಣ್ಣ ಕೊಂಡಿಗಳ ಸರ, ಅದೂ ನಡುವೆ ತುಂಡಾದದ್ದು, ಪಿಸುಗುಟ್ಟುತ್ತದೆ ಅಷ್ಟೆ. ಸದ್ದು ಬಂದರೆ ಪುಟ್ಟ ತಾಳಿಯಿಂದ ಬರಬೇಕು.

ಬಂಡೆಯ ಸುತ್ತ ಹಗ್ಗ ಎಳೆದು ಇಪ್ಪತ್ತು ಪಟ್ಟಿ ಮಾಡಿಕೊಂಡು ಒಂಬತ್ತೂವರೆಗೆ ಶುರು ಮಾಡಿದೆ. ಒಂದು ಗಂಟೆಯಲ್ಲಿ ಸಿಕ್ಕಿದ್ದು ಮೂರು ಪೆಪ್ಸಿ ಮುಚ್ಚಳ, ಒಂದು ಟೆಂಟಿನ ಗೂಟ. ನಡುನಡುವೆ ಇದ್ದೂ ಇಲ್ಲದ ಹಾಗೆ ಸಣ್ಣ ಸದ್ದು ಬರುತ್ತಿತ್ತು. ಅಂಥಲ್ಲೆಲ್ಲ ನಾನು ನಿಂತು, ಕಾಯಿಲನ್ನು ಎಂಟು ಹತ್ತು ಸಲ ಆಚೀಚೆ ಆಡಿಸಿ ನೋಡುತ್ತಿದ್ದೆ. ನಿಜವಾದ ಲೋಹ ಪ್ರತಿ ಸಲವೂ ಕೂಗಬೇಕು, ಕಲ್ಲಿನ ಸುಳ್ಳು ಸದ್ದು ಬಾಡಿಹೋಗುತ್ತದೆ: ಇದು ನಮ್ಮ ಕಸುಬಿನ ಮೊದಲ ಪಾಠ. ಎಲ್ಲ ಸದ್ದೂ ಬಾಡಿಹೋಯಿತು. ಬಂಡೆಯ ಬುಡದಲ್ಲಿ ಒಂದು ಸದ್ದು ಸ್ವಲ್ಪ ಆಸೆ ಹುಟ್ಟಿಸಿತ್ತು. ಅದನ್ನು ಇನ್ನಷ್ಟು ಜಾಗ್ರತೆಯಿಂದ ಹದಿನೈದು ಸಲ ನೋಡಿದೆ. ಅದೂ ಸತ್ತುಹೋಯಿತು.

ಹಮೀದಾಕ ಹಗ್ಗದ ಹೊರಗೆ ಒಂದು ಕಲ್ಲಿನ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. ಎಕ್ಸ್‌ರೇ ರಿಪೋರ್ಟಿಗೆ ಕಾಯುವ ರೋಗಿಯ ನೋಟ. ಒಂದೊಂದು ಪಟ್ಟಿ ಮುಗಿದ ಹಾಗೂ ನನಗೆ ಆ ಕಡೆ ತಿರುಗಲು ಭಯವಾಗತೊಡಗಿತು. ಮೊದಮೊದಲು ಅವರ ಗತಿ ಏನೆಂಬ ಭಯ. ಹನ್ನೆರಡು ದಾಟಿದ ಮೇಲೆ ಅದು ಬೇರೆಯೇ ಆಯಿತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಇವನೇ ತೆಗೆದಿರಬಹುದು ಎಂದು ನನಗೂ ಅನ್ನಿಸತೊಡಗಿತು.

ನಾನು ಮೂಡುಬಿದಿರೆ ಕಡೆಯ ಅಕ್ಕಸಾಲಿಗರ ಮನೆಯವನು. "ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ" ಎಂಬ ಗಾದೆಯನ್ನು ಮೇಷ್ಟ್ರು ಹೇಳಿದಾಗ ಇಡೀ ಕ್ಲಾಸು ನನ್ನ ಕಡೆ ತಿರುಗಿ ನಕ್ಕಿತ್ತು. ಕೊಟ್ಟ ಚಿನ್ನವನ್ನು ಜನ ನನ್ನ ಅಪ್ಪನ ಎದುರಿಗೇ ಮೂರು ಮೂರು ಸಲ ತೂಗಿಸುತ್ತಿದ್ದರು. ಸಂಶಯದ ರುಚಿ ಏನೆಂದು ತಿಳಿದು ಬೆಳೆದವನು ನಾನು. ಅಂಥವನೂ ನಾಲ್ಕು ಗಂಟೆ ಹುಡುಕಿ ಬರಿಗೈಯಾದ ಮೇಲೆ ಎದುರಿಗಿದ್ದ ಮನುಷ್ಯನನ್ನು ಒಳಗೊಳಗೇ ಕಳ್ಳ ಮಾಡಿಬಿಟ್ಟಿದ್ದೆ.

ಒಂದೂವರೆಗೆ ಗುಡುಗು ಕೇಳಿಸಿತು. ದೂರದ್ದು. ಕೋಟ್ಯಾನ್ರು ದಡದಿಂದ ಕರೆದರು.

"ಸಾಕು ಆಚಾರ್ರೇ, ಖಲಾಸ್. ಬರೆದುಕೊಡಿ, ಹೋಗುವ."

ನಾನು ದಡಕ್ಕೆ ಹತ್ತಿ, ಕಾರಿನ ಬಾನೆಟ್ ಮೇಲೆ ಕಾಗದವಿಟ್ಟು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದೆ: ಈ ಜಾಗವನ್ನು ಪೂರ್ತಿ ಹುಡುಕಲಾಗಿದೆ, ಇಲ್ಲಿ ಚಿನ್ನ ಇಲ್ಲ. ಕೆಳಗೆ ಸಹಿ ಹಾಕಿದೆ. ಕೋಟ್ಯಾನ್ರು ಕೈ ಚಾಚಿದರು.

ಆಗ, ನನ್ನ ಹಿಂದೆಯೇ ದಡ ಹತ್ತಿ ಬಂದಿದ್ದ ಹಮೀದಾಕ ಮುಂದೆ ಬಂದರು. ಅಳುತ್ತಾರೆ, ಇಲ್ಲವೇ ಕಾಲಿಗೆ ಬೀಳುತ್ತಾರೆ ಎಂದುಕೊಂಡೆ. ಎರಡೂ ಆಗಲಿಲ್ಲ.

"ಆಚಾರ್ರೇ, ನನ್ನನ್ನು ಎಲ್ಲರೂ ಪರೀಕ್ಷೆ ಮಾಡಿ ಆಯ್ತು. ಪೆಟ್ಟಿಗೆ ನೋಡಿದ್ರು, ತಲೆದಿಂಬು ಬಿಚ್ಚಿದ್ರು. ನಾನು ಬೇಡ ಹೇಳ್ಲಿಲ್ಲ. ನಿಮ್ಮ ಈ ಮಿಶಿನನ್ನು ಒಂದು ಸಲ ಪರೀಕ್ಷೆ ಮಾಡ್ಲಿಕ್ಕೆ ಆಗ್ತದಾ? ನಿಮ್ಮ ಕೈಯಲ್ಲಿ ಉಂಗುರ ಉಂಟಲ್ಲ, ಅದನ್ನು ಹೂತಿಟ್ಟು ನೋಡಿ."

ನನಗೆ ಸರ್ರನೆ ಸಿಟ್ಟು ಬಂತು. ನನ್ನ ಮಿಶಿನಿಗೆ ಡ್ರೈವರ್ ಪರೀಕ್ಷೆಯೇ? ಆದರೆ ಕೇಳಿದ್ದರಲ್ಲಿ ತಪ್ಪೇನಿತ್ತು? ಗೊತ್ತಿರುವ ಚಿನ್ನ ಹೂತು ನೋಡದೆ ಹುಡುಕಾಟ ಶುರು ಮಾಡಬಾರದೆಂದು ಸುಡಾನಿನವರಿಗೆ ಮೊದಲ ದಿನವೇ ಹೇಳುತ್ತಿದ್ದವನು ನಾನು. ಮೋಡ ಕಂಡ ಗಡಿಬಿಡಿಯಲ್ಲಿ ಅದನ್ನು ನಾನೇ ಬಿಟ್ಟಿದ್ದೆ.

ಮತ್ತೆ ಹೊಳೆಗೆ ಇಳಿದು, ಉಂಗುರ ತೆಗೆದು ಒಂದು ಗೇಣು ಆಳದಲ್ಲಿ ಹೂತೆ. ಕಾಯಿಲ್ ಆಡಿಸಿದೆ. ಸಣ್ಣಗೆ, ಸ್ಪಷ್ಟವಾಗಿ ಸದ್ದು ಬಂತು. ನೋಡಿ, ಸರಿಯಿದೆ ಎನ್ನುವ ಹಾಗೆ ಮತ್ತೆ ಆಡಿಸಿದೆ. ನಾಲ್ಕನೆಯ ಸಲಕ್ಕೆ ಸದ್ದು ತೆಳ್ಳಗಾಯಿತು. ಆರನೆಯ ಸಲಕ್ಕೆ ಇದ್ದೂ ಇಲ್ಲದಂತಾಯಿತು. ಒಂಬತ್ತನೆಯ ಸಲಕ್ಕೆ ಏನೂ ಇಲ್ಲ. ನಾನೇ ಹೂತ ನನ್ನ ಮದುವೆಯ ಉಂಗುರ ನನ್ನ ಕಾಲಡಿಯಲ್ಲೇ ಇಲ್ಲವಾಗಿತ್ತು.

ಆ ಕ್ಷಣ ಇವತ್ತಿಗೂ ನೆನಪಿದೆ. ಟ್ರ್ಯಾಕಿಂಗ್ ನೆಲವನ್ನು ಕಲಿಯುತ್ತದೆ ಎಂದೆನಲ್ಲ, ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಆಡಿಸಿದರೆ ಅಲ್ಲಿರುವ ಕ್ಷೀಣ ಚಿನ್ನವನ್ನೂ ನೆಲವೆಂದೇ ಕಲಿತು ಅಳಿಸಿಹಾಕುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಕ್ಲಾಸಿನಲ್ಲಿ ಹೇಳುತ್ತಿದ್ದೆ. ನಾನು ಎಲ್ಲಿ ಹೆಚ್ಚು ಜಾಗ್ರತೆ ಮಾಡಿದ್ದೆನೋ ಅಲ್ಲೇ ಹೆಚ್ಚು ಅಳಿಸಿದ್ದೆ. ಹದಿನೈದು ಸಲ ಆಡಿಸಿದ ಆ ಬಂಡೆಯ ಬುಡ ನೆನಪಾಯಿತು.

ಉಂಗುರ ಕಿತ್ತು ಜೇಬಿಗೆ ಹಾಕಿದೆ. ಫಿಕ್ಸ್ಡ್‌ಗೆ ಬದಲಾಯಿಸಿ, ದೂರದ ಖಾಲಿ ನೆಲದಲ್ಲಿ ಬ್ಯಾಲೆನ್ಸ್ ಮಾಡಿ ಬಂಡೆಯ ಕಡೆ ಓಡಿದೆ. ಅಷ್ಟರಲ್ಲಿ ಎರಡು ಹನಿ ಬಿದ್ದವು. ಮೇಲಿನ ತಿರುವಿನಿಂದ ಕೆಂಪು ನೀರಿನ ಒಂದು ತೆಳು ನಾಲಗೆ ಜಲ್ಲಿಯ ನಡುವೆ ಇಳಿದು ಬರುತ್ತಿತ್ತು. ಬನ್ನಿ, ಮೇಲೆ ಬನ್ನಿ ಎಂದು ಕೋಟ್ಯಾನ್ರು ಕೂಗುತ್ತಿದ್ದರು. ಫಿಕ್ಸ್ಡ್‌ನಲ್ಲಿ ನೆಲ ಇಡೀ ಕಿರುಚುತ್ತಿತ್ತು, ಕಿವಿ ಹರಿದುಹೋಗುವಷ್ಟು. ಆ ಕಿರುಚಾಟದ ಅಡಿಯಲ್ಲಿ, ಬಂಡೆಯ ಬುಡದಲ್ಲಿ, ಒಂದು ಸಣ್ಣ ಸ್ವರ. ಆಡಿಸಿದೆ, ಬಂತು. ಅಡ್ಡಕ್ಕೆ ಆಡಿಸಿದೆ, ಬಂತು. ಹತ್ತನೆಯ ಸಲವೂ ಬಂತು.

ಮಂಡಿಯೂರಿ ಕೈಯಿಂದಲೇ ತೋಡಿದೆ. ಒಂದು ಗೇಣು ಕೆಳಗೆ ಚಪ್ಪಟೆ ಕಲ್ಲು, ಅದರಡಿ ಗುಲಾಬಿ ಅಂಚಿನ ಕರ್ಚೀಫು, ಒಳಗೆ ಕರಿಮಣಿ. ಚಾಪೆ ಗಾಳಿಗೆ ಹಾರದಂತೆ ಮೂಲೆಗೆ ಇಟ್ಟ ಕಲ್ಲು ಅದು. ಬ್ಯಾಗಿಗೆ ಹಾಕಿದೆ ಎಂದುಕೊಂಡ ವಿನುತಾ ಕರ್ಚೀಫನ್ನು ಅದರಡಿಗೆ ತುರುಕಿ ನೀರಿಗಿಳಿದಿದ್ದರು. ಆಮೇಲೆ ಫೋನಿನಲ್ಲಿ ಕೇಳಿದಾಗ ಅವರಿಗೇ ನೆನಪಾಗಿ ಬಿಕ್ಕಿ ಬಿಕ್ಕಿ ಅತ್ತರಂತೆ.

ಕೋಟ್ಯಾನ್ರು ಇಳಿದು ಬಂದರು. ಮುಖ ಬಿಳಚಿಕೊಂಡಿತ್ತು. ಹಮೀದಾಕನೂ ಹಿಂದೆಯೇ ಬಂದರು. ಕೋಟ್ಯಾನ್ರಿಗೆ ಏನು ಮಾಡಬೇಕೋ ತೋಚಲಿಲ್ಲವೆಂದು ಕಾಣುತ್ತದೆ. "ಹಮೀದಾಕ, ನೀವೇ ಎತ್ತಿ ಕೊಡಿ" ಎಂದರು. ಗೌರವ ತೋರಿಸುವ ಮನಸ್ಸಿನಿಂದಲೇ ಹೇಳಿದ್ದು.

ಹಮೀದಾಕ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಬೇಡ. ನಾನು ಅದನ್ನು ಮುಟ್ಟುವುದಿಲ್ಲ."

ನಾವು ದಡ ಹತ್ತಿ ಐದು ನಿಮಿಷಕ್ಕೆ ಹೊಳೆ ಬಂತು. ಬಂಡೆಯ ಅರ್ಧದವರೆಗೆ ಕೆಂಪು ನೀರು. ಮೂವರೂ ನಿಂತು ನೋಡಿದೆವು. ಮಿಶಿನನ್ನು ಡಿಕ್ಕಿಗೆ ಹಾಕುವಾಗ ಹಮೀದಾಕ ನನ್ನ ಜೇಬಿನಿಂದ ಇಣುಕುತ್ತಿದ್ದ ಕಾಗದ ತೋರಿಸಿ, ಅದರಲ್ಲಿ ತನ್ನ ಹೆಸರು ಉಂಟಾ ಎಂದು ಕೇಳಿದರು. ಇಲ್ಲ, ನಿಮ್ಮ ಹೆಸರು ಎಲ್ಲೂ ಇಲ್ಲ ಎಂದೆ, ದೊಡ್ಡ ಸಮಾಧಾನ ಹೇಳುವವನ ಹಾಗೆ.

"ನನ್ನ ಹೆಸರು ಬರೆಯುವ ಅಗತ್ಯವೇ ಇರ್ಲಿಲ್ಲ ಅಲ್ವಾ" ಎಂದು ಅವರು ಸ್ಟೇರಿಂಗಿನ ಹಿಂದೆ ಹೋಗಿ ಕೂತರು.

ಗುರುವಾರ ಅವರು ಊರಿಗೆ ಹೋದರು. ನಿಕಾಹ್ ಚೆನ್ನಾಗಿ ಆಯಿತೆಂದು ಕೇಳಿದೆ. ಕೋಟ್ಯಾನ್ರು ಎಷ್ಟು ಕರೆದರೂ ಮತ್ತೆ ಬರಲಿಲ್ಲ.

ಆಮೇಲೆ ಏಳು ವರ್ಷ ನಾನು ಅದೇ ಕೆಲಸ ಮಾಡಿದೆ. ಯಾವ ರಿಪೋರ್ಟಿನಲ್ಲೂ "ಇಲ್ಲಿ ಚಿನ್ನ ಇಲ್ಲ" ಎಂದು ಬರೆಯಲಿಲ್ಲ. ಯಾವ ಮಿಶಿನ್, ಯಾವ ಸೆಟ್ಟಿಂಗ್, ಎಷ್ಟು ಆಳ ಎಂದು ಬರೆದು, "ನನಗೆ ಸಿಗಲಿಲ್ಲ" ಎಂದು ಮುಗಿಸುತ್ತಿದ್ದೆ. ಗಿರಾಕಿಗಳಿಗೆ ಇಷ್ಟವಾಗುತ್ತಿರಲಿಲ್ಲ, ಮ್ಯಾನೇಜರ್ ಗೊಣಗುತ್ತಿದ್ದ. ಇಲ್ಲ ಎನ್ನುವುದಕ್ಕೂ ಸಿಗಲಿಲ್ಲ ಎನ್ನುವುದಕ್ಕೂ ನಡುವೆ ಒಬ್ಬ ಮನುಷ್ಯನ ಇಡೀ ಬದುಕು ಹಿಡಿಸುತ್ತದೆ ಎಂದು ಆ ಕಸುಬು ನನಗೆ ಕಲಿಸಿತು. ಕಲಿತದ್ದು ತಡವಾಗಿ. ಆ ದಿನ ಬಾನೆಟ್ ಮೇಲೆ ಕಾಗದವಿಟ್ಟು ಜೇಬು ತಡಕಿದಾಗ ನನ್ನ ಬಳಿ ಪೆನ್ನಿರಲಿಲ್ಲ. ಕೇಳಿದೆ. ತನ್ನ ಅಂಗಿಯ ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ನನ್ನ ಕೈಗೆ ಕೊಟ್ಟವರು ಹಮೀದಾಕ.