ಚನಬಸವ್ವ ಬಿಟ್ಟ ಹನಿ

ಬಿಂದುಮಾಧವನನ್ನು ಎದುರಿಗೆ ಸರ್ ಅನ್ನುತ್ತಿದ್ದೆ. ಇಲ್ಲಿ ಅವನು ಅನ್ನುತ್ತೇನೆ, ಅದೂ ಹೆಚ್ಚೇ.

ನಾಸಿಕದ ಅಂಬಡ್‌ನಲ್ಲಿ ಒಂದು ಅಂಟಿನ ಕಾರ್ಖಾನೆ. ಅದರ ಪ್ರಯೋಗಶಾಲೆಗೆ ಅವನು ಮುಖ್ಯಸ್ಥ, ನಾನು ಅಂಕಿ ಬರೆಯುವವಳು. 2016ರಲ್ಲಿ ಇಂಡಿ ಕಡೆಯ ಚನಬಸವ್ವ ಅಲ್ಲಿ ಕೆಲಸಕ್ಕೆ ಸೇರಿದಳು. ಹದಿನೈದು ವರ್ಷ ಕಟ್ಟಡಗಳಲ್ಲಿ ಬುಟ್ಟಿ ಹೊತ್ತು ಮೊಣಕಾಲು ಹಾಳು ಮಾಡಿಕೊಂಡಿದ್ದಳು. ಇಲ್ಲಿ ಅವಳಿಗೊಂದು ಸ್ಟೂಲು ಸಿಕ್ಕಿತು.

"ಕುಂತು ದುಡಿಯೂ ಕೆಲಸ ರಾಜೀವಿ ಅಕ್ಕಾರ, ಇದನ್ನ ಬಿಡಂಗಿಲ್ಲ ನಾ," ಅಂದಿದ್ದಳು.

ಎದೆಯೆತ್ತರದ ಗಾಜಿನ ಕೊಳವೆ, ಅದರ ತುಂಬ ಗಂಜಿಯಂಥ ಅಂಟುನೀರು, ಆ ನೀರಿನಲ್ಲಿ ಬಣ್ಣ. ಮೇಲಿನ ನಲ್ಲಿಯಿಂದ ಅವಳು ನೀರಿಗಿಂತ ಭಾರವಾದ ಎಣ್ಣೆಯನ್ನು ಹನಿಹನಿಯಾಗಿ ಬಿಡಬೇಕು. ಹನಿ ಇಳಿಯುತ್ತ ಬಣ್ಣ ಹೀರುತ್ತದೆ. ಎಷ್ಟು ಹೀರಿತು ಎಂದು ಕಪ್ಪು ಪರದೆಯ ಆಚೆ ಕೂತು ಅಳೆಯುವುದೇ ಅವನ ಸಂಶೋಧನೆ.

ಅವನು ಧಾರವಾಡದವನು. ಫೋನಿನಲ್ಲಿ ತಾಯಿಯೊಡನೆ ಕನ್ನಡ, ಕೂಲಿಯವಳೊಡನೆ ಮಾತ್ರ ಮರಾಠಿ. ಕನ್ನಡ ಆಡಿದರೆ ಸಲಿಗೆ ಬೆಳೆಯುತ್ತದಂತೆ. ಹನಿಗೆ ಮರಾಠಿಯಲ್ಲಿ ಥೇಂಬ್ ಅನ್ನುತ್ತಾರೆ. ಪರದೆಯಾಚೆಯಿಂದ "ಥೇಂಬ್, ಥೇಂಬ್" ಎಂದು ಕೂಗುತ್ತಿದ್ದ. ಅವನು ಕೂಗಿದಷ್ಟೂ ಹನಿ ತಡವಾಗುತ್ತಿತ್ತು.

ಮೂರು ತಿಂಗಳಿಗೆ ಅವನ ತಾಳ್ಮೆ ಮುಗಿಯಿತು. ಎಲ್ಲರೆದುರು ಅವಳನ್ನು ಕಾಮ್‌ಚೋರ್, ಮೈಗಳ್ಳಿ ಅಂದು, ಸ್ಟೂಲನ್ನು ಕಾಲಿಂದ ತಳ್ಳಿದ. ಅವಳು ಅದನ್ನು ಎತ್ತಿ ಗೋಡೆಗೆ ಸರಿಸಿಟ್ಟು ಹೊರಟುಹೋದಳು. ನಾನು ತಲೆ ತಗ್ಗಿಸಿ ಅಂಕಿ ಬರೆಯುತ್ತ ಕೂತೆ. ಆ ನಾಚಿಕೆ ನನಗೆ ಈಗಲೂ ಇದೆ.

ಅವಳ ಜಾಗಕ್ಕೆ ಬಂದ ಹೊಸಬಳು ಅವನು ಕೂಗಿದ ತಕ್ಷಣ ಹನಿ ಬಿಡುತ್ತಿದ್ದಳು. ಅಂಕಿಗಳು ಒಂದಕ್ಕೊಂದು ತಾಳೆಯಾಗಲೇ ಇಲ್ಲ. ಕುಣಿಯಲಾರದವನಿಗೆ ನೆಲ ಡೊಂಕು. ಅವನು ಅಂಟನ್ನು ಬೈದ, ಗಾಜನ್ನು ಬೈದ, ನನ್ನನ್ನೂ ಬೈದ. ನಾನು ಹಳೆಯ ಪುಸ್ತಕ ತಂದು ಅವನ ಮುಂದೆ ಬಿಚ್ಚಿಟ್ಟೆ. ಚನಬಸವ್ವ ಇದ್ದ ಮೂರು ತಿಂಗಳ ಅಂಕಿಗಳು ಮಾತ್ರ ಹೊಂದುತ್ತಿದ್ದವು. ಅವನ ಮುಖ ಕಪ್ಪಿಟ್ಟಿದ್ದು ನೋಡಿ ನನಗೆ ಹೊಟ್ಟೆ ತುಂಬ ಖುಷಿಯಾಯಿತು.

ಆ ಅಂಟು ಕಲಕಿದರೆ ತೆಳ್ಳಗಾಗುತ್ತದೆ, ಬಿಟ್ಟರೆ ಮತ್ತೆ ಗಟ್ಟಿಯಾಗುತ್ತದೆ. ಹನಿ ಹೋದ ದಾರಿ ತೆಳ್ಳಗಿರುವಾಗಲೇ ಇನ್ನೊಂದನ್ನು ಬಿಟ್ಟರೆ ಅದು ಸರ್ರನೆ ಜಾರುತ್ತದೆ, ಬಣ್ಣ ಹೀರಲು ಪುರಸೊತ್ತೇ ಇರುವುದಿಲ್ಲ. ಅವಳ ತಡವೇ ಸರಿಯಾಗಿತ್ತು. ಎಷ್ಟು ತಡ ಎಂಬುದು ಅವಳೊಬ್ಬಳಿಗೇ ಗೊತ್ತು.

ಅವಳು ಔರಂಗಾಬಾದಿನ ಹತ್ತಿರ ಬಿಡಕಿನ್‌ನಲ್ಲಿದ್ದಾಳೆಂದು ತಿಳಿದು ಜೀಪಿನಲ್ಲಿ ಹೋದೆವು. ಹೊಸ ಕಾರ್ಖಾನೆಯೊಂದರ ಕಟ್ಟಡದಲ್ಲಿ, ಕಾಲೆಳೆಯುತ್ತ ಕಾಂಕ್ರೀಟಿನ ಬುಟ್ಟಿ ಹೊರುತ್ತಿದ್ದಳು. ಅವನು ಮರಾಠಿಯಲ್ಲಿ ಶುರು ಮಾಡಿದ.

"ಕನ್ನಡದಾಗ ಕೇಳ್ರಿ," ಅಂದಳು.

ಅವನು ನನ್ನತ್ತ ನೋಡಿದ. ನಾನು ಬೇರೆ ಕಡೆ ನೋಡಿದೆ.

"ಹನಿ ಬಿಡೂಕಿಂತ ಮೊದಲ ಎಷ್ಟೊತ್ತು ಕಾಯ್ತಿದ್ದಿ?"

"ನೀವು ಥಾಂಬ್ ಥಾಂಬ್ ಅಂತ ಒದರತಿದ್ರಿ. ತಡಿ ಅಂದ್ರ ತಡೀಬೇಕಲ್ರಿ? ನಿಮ್ಮ ಬಾಯಿ ಸೋತು ಸುಮ್ಮನಾದ ಮ್ಯಾಲ ಬಿಡತಿದ್ದೆ."

ಅವಳ ಮರಾಠಿಯೆಲ್ಲ ಕಟ್ಟಡದ ಮೇಸ್ತ್ರಿ ಮುಕಾದಮರ ಬೈಗುಳದಿಂದ ಕಲಿತದ್ದು. ಥಾಂಬ್ ಅಂದರೆ ನಿಲ್ಲು. ಅವನು ಥೇಂಬ್ ಎಂದು ಹನಿ ಕೇಳಿದಾಗಲೆಲ್ಲ ಅವಳು ಕೈ ತಡೆದಿದ್ದಳು. ಕನ್ನಡದಲ್ಲಿ ಒಮ್ಮೆ ಹೇಳಿದ್ದರೆ ಅವಳ ಸ್ಟೂಲು ಉಳಿಯುತ್ತಿತ್ತು.

"ವಾಪಸ್ ಬಾರವ್ವ," ಅಂದ. "ಸ್ಟೂಲು ಹಂಗಽ ಇಟ್ಟೀನಿ."

ಅವಳು ಸಿಂಬಿ ಸರಿಮಾಡಿಕೊಂಡು ಬುಟ್ಟಿ ತಲೆಗೇರಿಸಿದಳು.

"ಥಾಂಬ್ರಿ," ಅಂದು ಹಲಗೆ ಹತ್ತಿ ಹೋದಳು.

ಇಳಿದಳು, ಮತ್ತೆ ತುಂಬಿಕೊಂಡು ಹತ್ತಿದಳು. ನಮ್ಮ ಕಡೆ ತಿರುಗಿ ನೋಡಲಿಲ್ಲ. ಸಂಜೆ ಬುಟ್ಟಿ ತೊಳೆದು, ಅವನ ಮುಂದೆಯೇ ಹಾದು ಶೆಡ್ಡಿಗೆ ಹೋಗಿ ತಗಡಿನ ಬಾಗಿಲು ಹಾಕಿಕೊಂಡಳು. ಅವನು ಇನ್ನೂ ಬಿಸಿಲಲ್ಲಿ ನಿಂತೇ ಇದ್ದ.