ಕಾರಂಜಿ ಎದುರಿನ ಕಂಬ

ಹಡಗು ತಪ್ಪಿಸಿದವಳು ನಿಮ್ಮ ಅವ್ವ ಅಲ್ಲ, ನಾನು. ಪಲ್ಲವಿ, ಚೇತನ—ಮೊದಲು ಇದನ್ನು ಓದಿಬಿಡಿ, ಉಳಿದದ್ದು ಆಮೇಲೆ. ರೋಮಿನಲ್ಲಿ ನಾನು ಕಳೆದುಹೋಗಿರಲಿಲ್ಲ. ಕಂಬದ ಹಿಂದೆ ಅಡಗಿ ನಿಂತಿದ್ದೆ—ನಿಮ್ಮ ಅವ್ವ ನನ್ನನ್ನು ಹುಡುಕುವುದನ್ನು ನೋಡುತ್ತ.

ಎದುರು ಕೂತು ಹೇಳುವ ಧೈರ್ಯ ನನಗಿಲ್ಲ. ಮಲ್ಲಟದ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಮಾಸ್ತರರು ಎಬ್ಬಿಸಿ ನಿಲ್ಲಿಸಿದರೆ ಗೊತ್ತಿದ್ದ ಉತ್ತರವೂ ಗಂಟಲಲ್ಲೇ ಉಳಿಯುತ್ತಿತ್ತು. ಬರೆಯುವುದಾದರೆ ಹೇಗೋ ಕೈ ಓಡುತ್ತದೆ.

ಆಗ ನೀವಿಬ್ಬರೂ ಚಿಕ್ಕವರು. ಮಾನ್ವಿಯ ನಮ್ಮ ಗೊಬ್ಬರದ ಅಂಗಡಿಯಲ್ಲಿ ಆ ವರ್ಷ ಮಾರಾಟ ಚೆನ್ನಾಗಿ ಆಗಿತ್ತು. ಕಂಪನಿಯವರು ನಿಮ್ಮ ಅಪ್ಪನನ್ನು ಬೇರೆ ಡೀಲರುಗಳ ಜೊತೆ ಯುರೋಪಿಗೆ, ಹಡಗಿನ ಪ್ರವಾಸಕ್ಕೆ ಕಳಿಸಿದರು. ನಮ್ಮ ಪಾಲಿಗೆ ಮೂರು ಟಿಕೆಟ್. ಮೂರನೆಯದಕ್ಕೆ ನಿಮ್ಮ ಅಪ್ಪ ಗೆಳೆಯನ ಹೆಸರು ಹೇಳಿದ. ಸುಜಾತಾ—ನಿಮ್ಮ ಅವ್ವ—ಬಿಡಲಿಲ್ಲ.

"ಅತ್ತಿ ರಾಯಚೂರು ಟೇಶನ್ ದಾಟಿ ಏನು ನೋಡ್ಯಾರ? ಅವರೇ ಬರ್ತಾರ" ಅಂದಳು.

ನನ್ನನ್ನು ಕರೆದೊಯ್ದವಳೇ ಅವಳು. ಇದನ್ನು ಮರೆಯಬೇಡಿ.

ಆ ಹಡಗು ದಿನಕ್ಕೊಂದು ಊರಿನಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಇಳಿಸುತ್ತದೆ, ಸಂಜೆ ಏಣಿ ಎಳೆದುಕೊಂಡು ಹೊರಡುತ್ತದೆ. ಹಡಗಿನವರ ಬಸ್ಸಿನಲ್ಲಿ ಊರು ನೋಡಬಹುದು. ಇಲ್ಲವೇ ನಮ್ಮ ಪಾಡಿಗೆ ನಾವು ಹೋಗಿ ಬರಬಹುದು. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನಾವು ತಡವಾದರೆ ಕಾಯುವುದಿಲ್ಲ. ಹತ್ತು ನಿಮಿಷ ನಿಲ್ಲಿಸಿ, ಫೋಟೋ ತೆಗೆಸಿ ಓಡಿಸುವ ಬಸ್ಸು ನಿಮ್ಮ ಅವ್ವನಿಗೆ ಬೇಕಿರಲಿಲ್ಲ. ಹೊರಡುವ ಮುಂಚೆ ಮೂರು ತಿಂಗಳು, ರೊಟ್ಟಿ ಬಡಿದಿಟ್ಟು, ನಿಮ್ಮನ್ನು ಶಾಲೆಗೆ ಕಳಿಸಿ, ನೋಟುಬುಕ್ಕು ಹಿಡಿದು ಕೂರುತ್ತಿದ್ದಳು. ಬಂದರಿನಿಂದ ಟೇಶನ್ ಎಷ್ಟು ದೂರ, ಯಾವ ರೈಲು, ಪಾಯಿಖಾನೆ ಎಲ್ಲಿ, ಮೊಣಕಾಲು ನೋವಿನ ಅತ್ತಿ ಎಲ್ಲಿ ಕೂಡಬಹುದು—ಎಲ್ಲವನ್ನೂ ಹುಡುಕಿ ಬರೆದಳು. ದೇವದುರ್ಗದ ಕಡೆಯ ಹಳ್ಳಿಯಿಂದ ರಾಯಚೂರಿನ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಿ ಓದಿದ ಹುಡುಗಿ ಅವಳು.

"ಕಡೀ ಬಸ್ ನಂಬಿದಾಕಿ ಮನಿ ಮುಟ್ಟಂಗಿಲ್ಲ ಅತ್ತಿ. ಅದಕ್ಕಿಂತ ಎರಡು ಮೊದಲಿಂದು ಹಿಡೀಬೇಕು" ಅನ್ನುತ್ತಿದ್ದಳು. ಪ್ರತಿ ಊರಿಗೂ ಹಾಗೆಯೇ, ಎರಡು ರೈಲು ತಪ್ಪಿದರೂ ಮೂರನೆಯದು ಸಿಗುವಂತೆ ಬರೆದಿದ್ದಳು.

ಅದು ಬರೀ ಹವ್ಯಾಸ ಅಂದುಕೊಳ್ಳಬೇಡಿ. ರಾಯಚೂರಿನಲ್ಲಿ ಬಸ್ ನಿಲ್ದಾಣದ ಹತ್ತಿರ ಒಂದು ಕೋಣೆ ನೋಡಿಟ್ಟಿದ್ದಳು. ಹೆಂಗಸರನ್ನು ಹೆಂಗಸರೇ ಊರು ನೋಡಲು ಕರೆದೊಯ್ಯುವ ಆಫೀಸು ತೆರೆಯಲು. ತಗಡಿನ ಬೋರ್ಡು ಬರೆಸಿಯೂ ಆಗಿತ್ತು. ಹಡಗಿನ ಪ್ರವಾಸ ಅವಳು ತನಗೆ ತಾನೇ ಇಟ್ಟುಕೊಂಡ ಪರೀಕ್ಷೆ.

ನಿಮ್ಮ ಅಪ್ಪ ಡೀಲರುಗಳ ಜೊತೆ ಹಡಗಿನವರ ಬಸ್ಸಿಗೇ ಹೋಗುತ್ತಿದ್ದ. ನಾವಿಬ್ಬರೇ ನೋಡಿದ ಮೊದಲ ಎರಡು ಊರು ಚೆಂದ ಆದವು. ಅದನ್ನು ನೋಡಿ ಸಿಂಧನೂರಿನ ಡೀಲರರ ಹೆಂಡತಿ ಗಂಗಮ್ಮ ಮತ್ತು ಅವಳ ತಂಗಿಯೂ ನಮ್ಮ ಜೊತೆ ಸೇರಿದರು. ಮೂರನೆಯದು ರೋಮ್.

ಆ ಬೆಳಿಗ್ಗೆ ಹಡಗು ಇಳಿಯುವಾಗ ಸುಜಾತಾ ನನ್ನ ಸೆರಗಿಗೆ ಪಿನ್ನಿನಿಂದ ಒಂದು ಚೀಟಿ ಚುಚ್ಚಿದಳು. ಒಂದು ಕಡೆ ಹಡಗಿನ ಹೆಸರು, ಫೋನ್ ನಂಬರು. ಇನ್ನೊಂದು ಕಡೆ ನನಗಾಗಿ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ—ಕಾರಂಜಿ ಎದುರಿನ ಕಂಬ, ಬಲಗಡೆ ಸಾಲು, ಒಂದು ಗಂಟೆಗೆ ಬರ್ತೀನಿ, ಏಳಬ್ಯಾಡ್ರಿ.

ಗಂಗಮ್ಮ ನಕ್ಕಳು. "ಅಯ್ಯ ಸುಜಾತಾ, ಅತ್ತಿನ್ನ ಪಾರ್ಸಲ್ ಮಾಡೀಯಲ್ಲ ಬೇ! ಒಂದು ಟಿಕೀಟು ಹಚ್ಚಿ ಪೋಸ್ಟಿನ ಡಬ್ಬಿಗಿ ಹಾಕಿಬಿಡು!"

"ನಮ್ಮತ್ತಿ ಸಣ್ಣ ಕೂಸು ಇದ್ದಂಗ" ಅಂತ ಸುಜಾತಾ ನನ್ನ ಭುಜ ತಟ್ಟಿದಳು.

ಪ್ರೀತಿಯಿಂದಲೇ ಅಂದಳು. ಆಗಲೂ ಅದು ನನಗೆ ಗೊತ್ತಿತ್ತು. ಆದರೂ—ನಿಮ್ಮ ಅಜ್ಜ ಹೋದ ಮೇಲೆ ಅಂಗಡಿಯ ಕೀಲಿ ವರ್ಷಗಟ್ಟಲೆ ನನ್ನ ಸೊಂಟದಲ್ಲಿತ್ತು. ಈಗ ಅದು ಅವಳ ಸೊಂಟದಲ್ಲಿ, ನನ್ನ ಸೆರಗಿಗೆ ಚೀಟಿ. ರೋಮ್ ಮುಟ್ಟುವವರೆಗೂ ರೈಲಿನಲ್ಲಿ ಇದನ್ನೇ ಅಗಿಯುತ್ತಿದ್ದೆ.

ಆ ದೊಡ್ಡ ಚರ್ಚಿನ ಮುಂದೆ ಬಯಲು. ಸುತ್ತ ಒಂದೇ ಥರದ ಕಂಬಗಳು, ಸಾಲಿನ ಹಿಂದೆ ಸಾಲು. ಚೀಟಿಯಲ್ಲಿದ್ದ ಕಂಬದ ಬುಡಕ್ಕೆ ನನ್ನನ್ನು ಕೂಡಿಸಿ, ಕುಡಿಯುವ ನೀರು ಕೊಟ್ಟು, ಮೂವರೂ ಒಳಗೆ ಹೋದರು. ಒಂದು ಗಂಟೆಗೆ ಸರಿಯಾಗಿ ಅವಳು ಮೆಟ್ಟಿಲಿಳಿದು ಬರುವುದು ಕಂಡಿತು. ನಾನು ಚೀಟಿ ಬಿಚ್ಚಿ ಎಲೆಅಡಿಕೆಯ ಸಂಚಿಗೆ ತುರುಕಿದೆ. ಎದ್ದು ಹಿಂದಿನ ಸಾಲಿಗೆ ಹೋದೆ. ಹತ್ತು ನಿಮಿಷ ಹೆದರಲಿ—ಅಷ್ಟೇ ಅಂದುಕೊಂಡಿದ್ದೆ.

ಅವಳು ಬಂದಳು. ನಾನು ಕೂತಿದ್ದ ಕಲ್ಲನ್ನು ಕೈಯಿಂದ ಮುಟ್ಟಿ ನೋಡಿದಳು. ಆಮೇಲೆ ಆ ಪರದೇಶದ ಜನರ ನಡುವೆ ನಮ್ಮೂರಿನ ದನಿಯಲ್ಲಿ ಕೂಗಿದಳು—"ಅತ್ತೀ! ಯವ್ವಾ, ಎಲ್ಲಿ ಹೋದ್ರಿ!"

ಹತ್ತು ನಿಮಿಷ ಆಯಿತು. ಹೊರಗೆ ಬಂದು ಏನಂತ ಹೇಳಲಿ? ಗಂಗಮ್ಮ ಅಳತೊಡಗಿದಳು. ಸುಜಾತಾ ಪೊಲೀಸನ ತೋಳು ಹಿಡಿದು ಫೋನಿನಲ್ಲಿ ನನ್ನ ಫೋಟೋ ತೋರಿಸುತ್ತಿದ್ದಳು. ಅವರು ಹುಡುಕಿದಷ್ಟೂ ನನಗೆ ಹೊರಬರುವುದು ಕಷ್ಟವಾಯಿತು. ಕೊನೆಗೆ ಸುತ್ತು ಹಾಕಿ, ಎದುರು ಬದಿಯ ಸಾಲಿನಿಂದ, ದಾರಿ ತಪ್ಪಿದವಳ ಹಾಗೆ ನಡೆದು ಬಂದೆ. ಅವಳು ಓಡಿ ಬಂದು ತಬ್ಬಿಕೊಂಡಳು. ಒಂದು ಮಾತೂ ಬೈಯಲಿಲ್ಲ.

ಅಷ್ಟರಲ್ಲಿ ಎರಡು ರೈಲು ಹೋಗಿದ್ದವು. ಮೂರನೆಯದು ದಾರಿಯಲ್ಲಿ ನಿಂತುಬಿಟ್ಟಿತು. ಬಂದರಿಗೆ ಓಡಿದಾಗ ಹಡಗು ದಡ ಬಿಟ್ಟಿತ್ತು. ಮೇಲೆ ಕಟಕಟೆ ಹಿಡಿದು ಡೀಲರುಗಳೆಲ್ಲ ನಿಂತಿದ್ದರು. ನಿಮ್ಮ ಅಪ್ಪ ತಲೆಯ ಮೇಲೆ ಕೈ ಹೊತ್ತಿದ್ದ.

ಮರುದಿನ ರೈಲಿನಲ್ಲಿ ಮುಂದಿನ ಬಂದರಿಗೆ ಹೋಗಿ ಹಡಗು ಹತ್ತಿದೆವು. ಊಟದ ಮೇಜಿನ ಮುಂದೆ, ಎಲ್ಲರೆದುರು, ನಿಮ್ಮ ಅಪ್ಪ ಕೇಳಿದ. "ಅವ್ವಾ, ಖರೇ ಹೇಳು. ಎಲ್ಲಿ ಹೋಗಿದ್ದಿ?"

ಎದ್ದು ನಿಂತರೆ ಬಾಯಿ ಬಾರದ ನಾನು ಅಂದು ಸ್ವಲ್ಪವೂ ತೊದಲಲಿಲ್ಲ.

"ಆಕಿ ತೋರಿಸಿದ ಕಂಬಕ್ಕೇ ಕುಂತಿದ್ದೆನಪ್ಪ. ಆಕಿನೇ ಕಂಬ ಮರತಾಳ."

ಸುಜಾತಾ ನನ್ನ ಮುಖ ನೋಡಿದಳು. "ಅತ್ತಿ, ಚೀಟಿ ಎಲ್ಲದ?"

"ಬಿದ್ದು ಹೋತು."

ಅವಳ ಕಣ್ಣು ನನ್ನ ಸೊಂಟದ ಸಂಚಿಯ ಮೇಲೆ ಒಂದು ಕ್ಷಣ ನಿಂತಿತು. ಮತ್ತೆ ಕೇಳಲಿಲ್ಲ. ಇಂದಿನವರೆಗೂ ಕೇಳಿಲ್ಲ.

"ಒಂದು ಮುದುಕಿನ್ನ ಒಂದು ಕಂಬಕ್ಕ ಕೂಡ್ರಿಸಿ ನೆಪ್ಪಿಡಾಕ ಆಗಲಿಲ್ಲ. ಬಸ್ ತುಂಬ ಹೆಂಗಸರನ್ನ ಕರಕೊಂಡು ಹೋಗಾಕಿ ನೀನು?" ಅಂದ ನಿಮ್ಮ ಅಪ್ಪ. ಮೇಜಿನ ಸುತ್ತ ಎಲ್ಲರೂ ನಕ್ಕರು. ನಾನು ಅನ್ನ ಕಲಸುತ್ತ ಕೂತಿದ್ದೆ.

ಉಳಿದ ಊರುಗಳಲ್ಲಿ ಅವಳು ಹಡಗಿನಿಂದ ಇಳಿಯಲಿಲ್ಲ. ರಾಯಚೂರಿನ ಕೋಣೆ ಬೇರೆಯವರ ಪಾಲಾಯಿತು. ನಮ್ಮ ಮಾಳಿಗೆಯ ನೀರಿನ ಟಾಕಿಗೆ ಮುಚ್ಚಳ ಅಂತ ಇದೆಯಲ್ಲ, ಆ ತಗಡು—ಅದೇ ಅವಳ ಬೋರ್ಡು, ಅಕ್ಷರ ಕೆಳಗಾಗಿ ಇಟ್ಟದ್ದು. ಮೆಣಸಿನಕಾಯಿ ಒಣಹಾಕಲು ಹೋದಾಗಲೆಲ್ಲ ನಾನು ಅದಕ್ಕೆ ಬೆನ್ನು ಮಾಡಿ ಕೂರುತ್ತೇನೆ.

ಕಳೆದ ವಾರ ಪಲ್ಲವಿ ಗೆಳತಿಯರ ಜೊತೆ ಹಂಪಿಗೆ ಹೋಗುವ ಮಾತೆತ್ತಿದಾಗ ನಿಮ್ಮ ಅವ್ವ ಪೆನ್ನು, ಹಾಳೆ ತಂದಳು. ಎಷ್ಟೋ ವರ್ಷದ ಮೇಲೆ. ಚೇತನ, ನೀನು ಅಂದೆ—"ಅವ್ವಾ, ಹಂಪ್ಯಾಗ ಕಂಬ ಭಾಳ ಅದಾವ. ಅಕ್ಕನ್ನ ಯಾವ ಕಂಬಕ್ಕ ಬಿಟ್ಟು ಬರ್ತಿ?" ಎಲ್ಲರೂ ನಕ್ಕಿರಿ. ಅವಳೂ ನಕ್ಕಳು, ಪೆನ್ನಿನ ಮುಚ್ಚಳ ಹಾಕಿದಳು. ನಾನೂ ನಕ್ಕೆ. ಆ ನನ್ನ ನಗು—ಅದನ್ನು ನೆನೆದರೆ ಅಂದು ಹೇಳಿದ ಸುಳ್ಳಿಗಿಂತ ಹೆಚ್ಚು ಹೇಸಿಗೆಯಾಗುತ್ತದೆ. ಆಮೇಲೆ ಅವಳು ದಿನದಂತೆ ಬಂದು ನನ್ನ ಸಂಚಿಗೆ ಎಲೆ, ಅಡಿಕೆ ತುಂಬಿಸಿ ಕೊಟ್ಟಳು. ಅದೇ ಸಂಚಿ.

ಕ್ಷಮಿಸಿ ಅಂತ ನಿಮ್ಮನ್ನು ಕೇಳುತ್ತಿಲ್ಲ. ಕ್ಷಮಿಸುವುದು ನಿಮ್ಮ ಕೈಯಲ್ಲಿಲ್ಲ. ಅವಳನ್ನು ಕೇಳುವ ಮುಖ ನನಗಿಲ್ಲ. ಆ ಚೀಟಿ ನನ್ನ ಟ್ರಂಕಿನಲ್ಲಿತ್ತು. ತುಕ್ಕು ಹಿಡಿದ ಅದೇ ಪಿನ್ನಿನಿಂದ ಈ ಕಾಗದಕ್ಕೆ ಚುಚ್ಚಿದ್ದೇನೆ. ಅಕ್ಷರ ಅವಳದೇ, ಕಂಬ ಯಾವುದು ಅಂತ ಸರಿಯಾಗಿ ಬರೆದಿದೆ.

ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ ಇದನ್ನು ನಿಮ್ಮ ಅಪ್ಪನೆದುರು ಜೋರಾಗಿ ಓದಿರಿ. ನಾನು ಅಲ್ಲೇ, ನಿಮ್ಮ ಅವ್ವನ ಎದುರಿಗೆ ಕೂತಿರುತ್ತೇನೆ. ಏಳುವುದಿಲ್ಲ.