ತಂಗಿಯ ಹೊಟ್ಟೆನೋವು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ಎಂದೂ ನಂಬಿದವಳಲ್ಲ. ಮಗ ಎಲ್ಲೋ ಬಿದ್ದ ಹೊತ್ತಿಗೆ ಇಲ್ಲಿ ತಾಯಿಯ ಕೈಯಿಂದ ಪಾತ್ರೆ ಜಾರಿತು, ಅಣ್ಣನ ಜೀವ ಹೋಗುವಾಗ ತಂಗಿಗೆ ಥಟ್ಟನೆ ಎಚ್ಚರವಾಯಿತು ಎಂದು ಯಾರಾದರೂ ಶುರು ಮಾಡಿದರೆ, ಪಾತ್ರೆ ಜಾರಿಯೂ ಏನೂ ಆಗದ ದಿನಗಳು ಎಷ್ಟಿದ್ದವು ಎಂದು ತಿರುಗಿ ಕೇಳುತ್ತಿದ್ದೆ. ನನ್ನ ಕೆಲಸ ನನಗೆ ಕಲಿಸಿದ ಬುದ್ಧಿ ಅದು. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ನಾನು ಮೊಳಕೆ ಪರೀಕ್ಷೆ ಮಾಡುವವಳು. ಒದ್ದೆ ಕಾಗದದ ಮೇಲೆ ಮೆಣಸಿನಕಾಯಿ, ಟೊಮ್ಯಾಟೊ, ಬೆಂಡೆ ಬೀಜಗಳನ್ನು ಸಾಲಾಗಿ ಇಟ್ಟು, ಇಂತಿಷ್ಟು ದಿನದ ಮೇಲೆ ಬಿಚ್ಚಿ, ಮೊಳೆತದ್ದು ಎಷ್ಟು, ಸತ್ತದ್ದು ಎಷ್ಟು ಎಂದು ಬರೆಯಬೇಕು. ಕಣ್ಣಿಗೆ ಕಂಡದ್ದನ್ನು ಬಿಟ್ಟು ಬೇರೇನನ್ನೂ ಬರೆಯುವ ಹಾಗಿಲ್ಲ.

ಹಾಗಾಗಿ ಈಗ ಹೇಳಹೊರಟಿರುವುದನ್ನೂ ಕಂಡಷ್ಟೇ ಹೇಳುತ್ತೇನೆ. ಇದರಲ್ಲಿ ದೆವ್ವ ಭೂತ ಏನಿಲ್ಲ. ಇರುವವರು ನನ್ನ ತಂಗಿ ಮಂಜುಳಾ, ಮತ್ತೆ ನಾನು.

ನಮ್ಮವ್ವನಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದ ಮೇಲೆ ಅವಳನ್ನು ನನ್ನ ಮನೆಗೇ ಕರೆತಂದೆ. ಮಂಜುಳಾಳನ್ನು ಕೊಟ್ಟಿದ್ದು ಬ್ಯಾಡಗಿಗೆ. ಅವಳ ಗಂಡ ಬಸವರಾಜ ಅಲ್ಲಿ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ವಾರದ ಐದು ದಿನ ಅವ್ವನನ್ನು ನಾನು ನೋಡಿಕೊಳ್ಳುವುದು, ಶನಿವಾರ ರವಿವಾರ ಮಂಜುಳಾ ಬಂದು ನೋಡಿಕೊಳ್ಳುವುದು ಎಂದು ಮಾತಾಗಿತ್ತು. ಮೊದಲ ಮೂರು ನಾಲ್ಕು ತಿಂಗಳು ತಪ್ಪದೆ ಬಂದಳು. ಆಮೇಲೆ ಶನಿವಾರ ಮುಂಜಾನೆ ಫೋನು ಬರತೊಡಗಿತು. "ಅಕ್ಕಾ, ರಾತ್ರಿಯೆಲ್ಲ ಹೊಟ್ಟಿ ನೋವು. ಈಗಷ್ಟ ಕಡಿಮಿ ಆಗೇತಿ. ಈ ವಾರ ಬರಾಕ ಆಗೂದಿಲ್ಲ." ಮುಂದಿನ ವಾರ ಬರುತ್ತಿದ್ದಳು, ಅದರ ಮುಂದಿನ ವಾರ ಮತ್ತೆ ಫೋನು.

ಬಂದಾಗ ನೋಡಿದರೆ ಚೆನ್ನಾಗಿಯೇ ಇರುತ್ತಿದ್ದಳು. ನಗುತ್ತಿದ್ದಳು, ಅವ್ವನ ತಲೆ ಬಾಚುತ್ತಿದ್ದಳು, ಊಟ ಮಾಡುತ್ತಿದ್ದಳು. ಹಿಂದಿನ ವಾರ ಹಾಸಿಗೆ ಹಿಡಿದಿದ್ದವಳ ಹಾಗೆ ನನ್ನ ಕಣ್ಣಿಗೆ ಕಾಣುತ್ತಿರಲಿಲ್ಲ. ಪಿತ್ತಕೋಶದ ಹರಳಿನ ನೋವು ಹಾಗೆಯೇ, ಬಂದಾಗ ಜೀವ ಹಿಂಡಿ, ಹೋದಾಗ ಗುರುತೇ ಉಳಿಸದೆ ಹೋಗುತ್ತದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬಿಡಬಹುದಿತ್ತು. ನಾನು ಹಾಗೆ ಬಿಡಲಿಲ್ಲ, ನೆವ ಎಂದು ತೀರ್ಮಾನ ಮಾಡಿದೆ.

ಅವ್ವ ತೀರಿಕೊಳ್ಳುವ ವಾರ, ತೊದಲುವ ನಾಲಿಗೆಯಲ್ಲಿ, "ಮಂಜಿ ಬರಲಿಲ್ಲೇನು?" ಎಂದು ಕೇಳಿದಳು. ಆ ವಾರವೂ ಫೋನು ಬಂದಿತ್ತು. ನಾನು ಹಾಸಿಗೆಯ ಬಟ್ಟೆ ಬದಲಿಸುತ್ತಾ, "ಆಕಿ ಬರಂಗಿಲ್ಲವ್ವ. ನಿನ್ನ ಹೊಲಸು ಬಳಿಯಾಕ ಬ್ಯಾಸರ ಆಕಿಗೆ. ಹೊಟ್ಟಿನೋವಿಂದು ನೆವ ಮಾಡ್ಕೊಂಡಾಳ" ಎಂದೆ. ಅವ್ವ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, ಗೋಡೆಯ ಕಡೆ ಹೊರಳಿದಳು. ಮತ್ತೆ ಕೇಳಲಿಲ್ಲ. ನಾಲ್ಕನೆಯ ದಿನ ಹೋದಳು.

ಹನ್ನೊಂದನೆಯ ದಿನದ ಊಟಕ್ಕೆ ನಮ್ಮ ತವರೂರು ಕುಪ್ಪೇಲೂರಿನಿಂದ ಬಂದ ಬಂಧುಗಳೆಲ್ಲ ಕೂತಿದ್ದರು. ಮಂಜುಳಾ ಹೋಳಿಗೆಯನ್ನು ಎಲೆಯ ಬದಿಗೆ ಸರಿಸಿದಳು. ನಮ್ಮ ದೊಡ್ಡವ್ವ ಯಾಕೆಂದು ಕೇಳಿದ್ದಕ್ಕೆ, ಹೊಟ್ಟೆ ಸರಿಯಿಲ್ಲ ಎಂದಳು. ನಾನು ಬಡಿಸುತ್ತಿದ್ದವಳು ಅಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ ಅಂದೆ: "ಇನ್ಯಾಕ ನಾಟಕ ಮಾಡ್ತೀ? ಅವ್ವ ಹೋದ್ಲಲ್ಲ, ಇನ್ನ ನಿನ್ನ ಹೊಟ್ಟಿನೋವು ತಾನ ಕಡಿಮಿ ಆಗ್ತೈತಿ ಬಿಡು."

ಅವಳು ಎದ್ದು ಕೈ ತೊಳೆದುಕೊಂಡು, ಗಂಡನನ್ನು ಕರೆದುಕೊಂಡು ಹೊರಟುಹೋದಳು. ಅಲ್ಲಿಂದ ಹೆಚ್ಚುಕಡಿಮೆ ಎರಡು ವರ್ಷ ನಮ್ಮ ನಡುವೆ ಮಾತಿರಲಿಲ್ಲ.

ವಿಚಿತ್ರ ಎಂದು ನಾನು ಹೇಳುವುದು ಅದಾದ ಮೇಲಿನದು. ಆ ಎರಡು ವರ್ಷ ಮುಗಿಯುತ್ತಾ ಬಂದಾಗ, ಒಂದು ಮಂಗಳವಾರ ಮಧ್ಯಾಹ್ನ ಕಂಪನಿಯಲ್ಲಿ ಕೂತು ಬೆಂಡೆಬೀಜ ಎಣಿಸುತ್ತಿದ್ದೆ. ಬಲಗಡೆ ಪಕ್ಕೆಲುಬಿನ ಕೆಳಗೆ ಏನೋ ಹಿಡಿದ ಹಾಗಾಯಿತು. ನೋಡನೋಡುತ್ತಿದ್ದಂತೆ ಅದು ಒಳಗಿಂದ ಹಿಂಡತೊಡಗಿ ಬೆನ್ನಿನ ರೆಕ್ಕೆಮೂಳೆಯವರೆಗೂ ಹೋಯಿತು. ಕೂತರೆ ನೋವು, ನಿಂತರೆ ನೋವು, ಬಗ್ಗಿದರೂ ನೋವು. ಉಸಿರು ಪೂರ್ತಿ ಎಳೆಯಲು ಆಗದು. ಮೈಯೆಲ್ಲ ಬೆವರಿ ವಾಂತಿ ಬಂತು. ನನ್ನ ಎರಡು ಹೆರಿಗೆಗಳಲ್ಲೂ ಅಂಥ ನೋವು ಕಂಡಿರಲಿಲ್ಲ. ಜೊತೆಯವಳು ಆಟೊ ತರಿಸಿದಳು. ನಮ್ಮಲ್ಲಿ ಎಣಿಕೆ ಅರ್ಧಕ್ಕೆ ನಿಂತರೆ ನಿಂತ ಹೊತ್ತನ್ನು ಬರೆಯಬೇಕು. ಅವಳೇ ರಿಜಿಸ್ಟರಿನಲ್ಲಿ ಹನ್ನೆರಡೂ ಹತ್ತು ಎಂದು ಬರೆದಳು.

ಡಾಕ್ಟರು ನೋವಿನ ಜಾಗ ಒತ್ತಿ ನೋಡಿ, ಪಿತ್ತಕೋಶದಲ್ಲಿ ಹರಳು ಇರಬಹುದು ಎಂದು ಸ್ಕ್ಯಾನಿಂಗಿಗೆ ಕಳಿಸಿದರು. ಸ್ಕ್ಯಾನಿಂಗಿನಲ್ಲಿ ಏನೂ ಇರಲಿಲ್ಲ. ಹರಳಿಲ್ಲ, ಬಾವು ಇಲ್ಲ, ಎಲ್ಲ ಸ್ವಚ್ಛ. ರಕ್ತದಲ್ಲೂ ಏನೂ ಸಿಗಲಿಲ್ಲ. ಅಷ್ಟು ಹೊತ್ತಿಗೆ ನೋವೂ ಪೂರ್ತಿ ಹೋಗಿತ್ತು. "ಗ್ಯಾಸ್ ಇರಬೇಕ್ರಿ" ಎಂದು ಗುಳಿಗೆ ಬರೆದುಕೊಟ್ಟರು.

ಮೂರು ವಾರದ ಮೇಲೆ, ರವಿವಾರ ಮುಂಜಾನೆ ರೊಟ್ಟಿ ಬಡಿಯುವಾಗ ಮತ್ತೆ ಬಂತು. ಈ ಸಲ ಎರಡು ತಾಸು. ಯಜಮಾನರು ಹೆದರಿ ಅದೇ ಆಸ್ಪತ್ರೆಗೆ ಕರೆದೊಯ್ದರು, ಎಂಟು ಗಂಟೆಗೆ ಅಲ್ಲಿ ಚೀಟಿ ಮಾಡಿಸಿದರು. ಮತ್ತೆ ಸ್ಕ್ಯಾನಿಂಗು, ಮತ್ತೆ ಏನೂ ಇಲ್ಲ. ಮನೆಗೆ ಬರುವಾಗ ಯಜಮಾನರು ಮೆಲ್ಲಗೆ, "ಕೆಲಸ ಭಾಳ ಆಗಿ ಮನಸಿಗೆ ಹಚ್ಕೊಂಡೀ ಅನಸ್ತೈತಿ" ಎಂದರು. ನನಗೆ ಸಿಟ್ಟು ಬಂತು. ಇಷ್ಟು ನೋವನ್ನು ಮನಸ್ಸಿನದು ಅನ್ನುತ್ತಾರಲ್ಲ ಎಂದು ಅಳು ಬಂತು. ಖರೇ ಹೇಳುತ್ತೇನೆ, ಆಗಲೂ ನನಗೆ ತಂಗಿಯ ನೆನಪು ಬರಲಿಲ್ಲ.

ಅದಾದ ನಾಲ್ಕನೆಯ ದಿನ ಇನ್ನೊಂದು ಬಗೆ. ಮುಂಜಾನೆ ಹನ್ನೊಂದರ ಸುಮಾರಿಗೆ ತಡೆಯಲಾರದ ನಿದ್ದೆ. ಬೀಜದ ಚೀಲಗಳ ಪಕ್ಕದ ಬೆಂಚಿನ ಮೇಲೆ ಮಲಗಿದವಳಿಗೆ ಎಚ್ಚರವಾದಾಗ ಮೂರು ಗಂಟೆ ದಾಟಿತ್ತು. ಕೂಗಿ ಎಬ್ಬಿಸಿದರೂ ಏಳಲಿಲ್ಲವಂತೆ. ಎದ್ದಾಗ ಹೊಟ್ಟೆಯಲ್ಲಿ ನೋವಿರಲಿಲ್ಲ, ಬಲಭುಜದ ತುದಿಯಲ್ಲಿ ಮಾತ್ರ ವಿಪರೀತ ಸೆಳೆತ. ಎರಡು ದಿನ ಅದು ಹಾಗೇ ಇತ್ತು.

ಮೂರನೆಯ ದಿನ ಬಸವರಾಜ ಫೋನು ಮಾಡಿದ. "ಅಕ್ಕಾರ, ನಾ ಹೇಳಿದ್ನಿ ಅಂತ ಆಕಿಗೆ ಹೇಳಬ್ಯಾಡ್ರಿ. ಮಂಜುಳಾಗ ಆಪರೇಷನ್ ಆಗೇತ್ರಿ, ಹಾವೇರ್ಯಾಗ. ಪಿತ್ತದ ಚೀಲ ತಗದಾರ. ಹತ್ರ ಹೆಣ್ಮಕ್ಕಳು ಯಾರೂ ಇಲ್ರಿ. ಆಗಿದ್ದು ಆಗಿ ಹೋತು, ನೀವು ಬರ್ರಿ."

ನಾನು ಮುಂದಿನ ಬಸ್ಸಿಗೇ ಹಾವೇರಿಗೆ ಹೋದೆ. ಮಂಜುಳಾ ಹಾಸಿಗೆಯಲ್ಲಿ ಸಣ್ಣಗೆ, ಹಳದಿ ತಿರುಗಿ ಮಲಗಿದ್ದಳು. ಪಕ್ಕೆಯಿಂದ ಒಂದು ಕೊಳವೆ ಹೊರಬಂದು ಚೀಲಕ್ಕೆ ಇಳಿದಿತ್ತು. ನನ್ನನ್ನು ನೋಡಿ ಕಣ್ಣು ಮುಚ್ಚಿಕೊಂಡಳು, ಹೋಗು ಎನ್ನಲಿಲ್ಲ. ಬಸವರಾಜ ನನ್ನನ್ನು ಹೊರಗೆ ಕರೆದು ಹೇಳಿದ. ಹರಳು ಬಹಳ ದಿನದ್ದಂತೆ. ಪಿತ್ತದ ಚೀಲ ಬಾತು ಕೀವು ತುಂಬಿ ಅಕ್ಕಪಕ್ಕದ್ದಕ್ಕೆಲ್ಲ ಅಂಟಿಕೊಂಡಿತ್ತಂತೆ. ಹೊಟ್ಟೆಗೆ ನಾಲ್ಕು ಸಣ್ಣ ತೂತು ಮಾಡಿ ಒಂದು ತಾಸಿನಲ್ಲಿ ಮುಗಿಸುವ ಕೆಲಸಕ್ಕೆ ನಾಲ್ಕು ತಾಸು ಹಿಡಿದಿತ್ತು. "ಎರಡ ವರ್ಷದಿಂದ ನೋವು ನುಂಗಿಕೋತ ಬಂದಾಳ್ರಿ. ನನ್ನ ಮುಂದನೂ ಹೇಳಿಲ್ಲ. ಯಾಕಂತ ಕೇಳಿದ್ರ, ಹೇಳಿದ್ರ ನಾಟಕ ಅಂತೀರಿ ಅಂದ್ಲು." ಅವನು ನನ್ನನ್ನು ಚುಚ್ಚಲೆಂದು ಹೇಳಿದ್ದಲ್ಲ.

ಆ ಸಂಜೆ ನರ್ಸು ಅವಳ ಭುಜಕ್ಕೆ ಬಿಸಿನೀರಿನ ಚೀಲ ಇಡಲು ಬಂದರು. ಭುಜಕ್ಕೇಕೆ ಎಂದು ಕೇಳಿದೆ. ಆಪರೇಷನ್ನಿನಲ್ಲಿ ಹೊಟ್ಟೆಗೆ ಗಾಳಿ ತುಂಬಿ ಉಬ್ಬಿಸುತ್ತಾರೆ, ಅದರಿಂದ ಎರಡು ಮೂರು ದಿನ ಭುಜದ ತುದಿ ನೋಯುತ್ತದೆ, ಎಲ್ಲರಿಗೂ ಆಗುವುದೇ ಎಂದರು. ನನ್ನ ಕೈ ತಾನಾಗಿ ನನ್ನ ಬಲಭುಜಕ್ಕೆ ಹೋಯಿತು. ಆಪರೇಷನ್ ಯಾವತ್ತು, ಎಷ್ಟು ಹೊತ್ತಿಗೆ ಎಂದು ಕೇಳಿದೆ. ಗುರುವಾರ, ಹನ್ನೊಂದರಿಂದ ಮೂರು.

ಮಂಜುಳಾ ನಿದ್ದೆ ಹೋದ ಮೇಲೆ ಮಂಚದ ಕೆಳಗಿದ್ದ ಪ್ಲಾಸ್ಟಿಕ್ ಫೈಲು ತೆಗೆದು ನೋಡಿದೆ. ಬ್ಯಾಡಗಿಯಲ್ಲಿ ಇಂಜೆಕ್ಷನ್ ಮಾಡಿಸಿದ ಎರಡು ಚೀಟಿಗಳಿದ್ದವು. ಒಂದು ಆ ಮಂಗಳವಾರದ್ದು, ಮಧ್ಯಾಹ್ನ ಹನ್ನೆರಡೂವರೆ. ಇನ್ನೊಂದು ಆ ರವಿವಾರದ್ದು, ಮುಂಜಾನೆ ಏಳೂ ಮುಕ್ಕಾಲು. ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವವಳು ನಾನು. ಚೀಟಿಗಳು ನನ್ನ ಕಣ್ಣೆದುರಿಗೇ ಇದ್ದವು.

ಎಂಟು ದಿನ ಅವಳ ಹತ್ತಿರವೇ ಇದ್ದೆ. ಕೆಮ್ಮುವ ಮೊದಲು ದಿಂಬನ್ನು ಹೊಟ್ಟೆಗೆ ಅವಚಿಕೊಳ್ಳಬೇಕು, ಏಳುವಾಗ ಮಗ್ಗುಲಾಗಿ ಕೈಯೂರಿ ಏಳಬೇಕು ಎಂದು ನರ್ಸು ತೋರಿಸಿದಂತೆ ಮಾಡಿಸಿದೆ. ವರಾಂಡದಲ್ಲಿ ಹತ್ತು ಹೆಜ್ಜೆ, ಮರುದಿನ ಇಪ್ಪತ್ತು ಹೆಜ್ಜೆ ನಡೆಸಿದೆ. ಕೊಳವೆ ತೆಗೆದ ಮೇಲೆ ಗಂಜಿ, ಆಮೇಲೆ ಎಣ್ಣೆಯಿಲ್ಲದ ಬೇಳೆಕಟ್ಟು, ಮೆತ್ತಗಿನ ಅನ್ನ. ಸುಗ್ಗಿಯ ದಿನಗಳಾದ್ದರಿಂದ ಬ್ಯಾಡಗಿಯ ಅವಳ ಓಣಿಯ ತುಂಬ ಮೆಣಸಿನಕಾಯಿ ಘಾಟು. ಅಲ್ಲಿ ಹೋದರೆ ಕೆಮ್ಮು ತಪ್ಪದು, ಕೆಮ್ಮಿದರೆ ಹೊಲಿಗೆ ಎಳೆಯುತ್ತದೆ. ಅದಕ್ಕೆ ಬಸವರಾಜನನ್ನು ಒಪ್ಪಿಸಿ ರಾಣೆಬೆನ್ನೂರಿಗೆ ಕರೆತಂದೆ. ನಮ್ಮ ಮನೆಯಲ್ಲಿ ಬೇರೆ ಕೋಣೆ ಇರಲಿಲ್ಲ. ಅವ್ವ ಮಲಗುತ್ತಿದ್ದ ಕೋಣೆಯಲ್ಲೇ ಮಲಗಿಸಬೇಕಾಯಿತು.

ಒಂದು ಮಧ್ಯಾಹ್ನ ಅವಳ ಗಾಯ ಒರೆಸುತ್ತಿದ್ದೆ. ಅವಳು ಛಾವಣಿ ನೋಡುತ್ತಾ, "ಅಕ್ಕಾ, ನಾ ಒಂದು ಪಾಪ ಮಾಡೇನಿ" ಎಂದಳು. ಏನು ಎಂದೆ.

"ಒಂದು ಮಂಗಳವಾರ ನೋವು ತಡಕೊಳ್ಳಾಕ ಆಗದ ಒಬ್ಬಾಕಿನ ಅಡಿಗಿಮನ್ಯಾಗ ಬಿದ್ದಿದ್ದೆ. ಅವ್ವನ ಹೆಸರು ಹಿಡಿದು ಅಂದೆ, ಈ ನೋವು ಅಕ್ಕಗೂ ಒಮ್ಮೆ ಬರ್ಲಿ, ಆಕಿಗೂ ಗೊತ್ತಾಗ್ಲಿ ಅಂತ. ಮುಂದ ಮತ್ತೊಮ್ಮೆ ನೋವು ಬಂದಾಗನೂ ಅಂದೆ. ಆಪರೇಷನ್ ಒಳಗ ಒಯ್ಯೂವಾಗ ಹೆದರಿಕಿ ಆತು, ಎಲ್ಲಿ ನಿನಗ ಏನಾರ ಆಗೇತೋ ಅಂತ." ಅವಳು ನನ್ನ ಕೈ ಹಿಡಿದಳು. "ನಿನಗೇನೂ ಆಗಿಲ್ಲ, ಹೌದಿಲ್ಲೋ?"

ನನ್ನ ಎರಡು ಸ್ಕ್ಯಾನಿಂಗ್ ವರದಿಗಳು ಅದೇ ಕೋಣೆಯ ಕಪಾಟಿನಲ್ಲಿದ್ದವು. "ನನಗೇನಾಗ್ತೈತಿ? ಗುಂಡಕಲ್ಲಿನಂಗ ಇದ್ದೇನಿ. ಸಿಟ್ಟಿನ್ಯಾಗ ಎಲ್ಲಾರೂ ಒಂದೊಂದು ಅಂತಾರ, ಅದನ್ನ ಮನಸಿನ್ಯಾಗ ಇಟ್ಕೋಬ್ಯಾಡ" ಎಂದೆ. ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ, ಅತ್ತುಕೊಂಡೇ ನಿದ್ದೆ ಹೋದಳು. ಖರೇ ಹೇಳಿದವಳನ್ನು ನಾನು ಎರಡು ವರ್ಷ ನಂಬಲಿಲ್ಲ. ಅವಳು ನನ್ನ ಸುಳ್ಳನ್ನು ಒಂದೇ ಮಾತಿಗೆ ನಂಬಿದಳು.

ಅದಾಗಿ ಕೆಲವು ವರ್ಷಗಳಾದವು. ಆ ನೋವು ನನಗೆ ಮತ್ತೆ ಬಂದಿಲ್ಲ. ಬೇರೆ ಕಾರಣಕ್ಕೆ ಇನ್ನೊಮ್ಮೆ ಸ್ಕ್ಯಾನಿಂಗ್ ಆಯಿತು, ಆಗಲೂ ಪಿತ್ತಕೋಶದಲ್ಲಿ ಏನೂ ಇಲ್ಲ. ಒಂದು ಸಲವಾದರೆ ಕಾಕತಾಳೀಯ, ಎರಡಾದರೂ ಇರಲಿ ಅನ್ನುತ್ತಿದ್ದೆ. ನಾಲ್ಕು ತಾಸಿನ ನಿದ್ದೆಯನ್ನೂ ಭುಜದ ಸೆಳೆತವನ್ನೂ ಎಲ್ಲಿಗೆ ಸೇರಿಸಲಿ? ತಂಗಿಯ ಮಾತು ತಟ್ಟಿತೆ, ಅವ್ವನ ಹೆಸರು ಕೆಲಸ ಮಾಡಿತೆ, ಇಲ್ಲ ನನ್ನ ಮೈಗೆ ಅದರದೇ ಆದ ಏನೋ ಕಾರಣವಿತ್ತೆ, ನನಗೆ ತಿಳಿಯದು. ಇಂಥ ಸಂಗತಿ ಯಾರಾದರೂ ಹೇಳಿದರೆ ಈಗ ನಾನು ನಗಲಾರೆ.

ಹೇಳಲೇಬೇಕಾದ್ದು ಬೇರೆ ಇದೆ. ಅವ್ವ ಅವಳನ್ನು ಕೇಳಿದ್ದನ್ನೂ, ನನ್ನ ಮಾತಿಗೆ ಗೋಡೆಯ ಕಡೆ ಹೊರಳಿದ್ದನ್ನೂ ನಾನು ಮಂಜುಳಾಗೆ ಹೇಳಿಲ್ಲ. ಹೇಳಿಬಿಡಬೇಕೆಂದೇ ಹೋದ ತಿಂಗಳು ರಜೆ ಹಾಕಿ ಬ್ಯಾಡಗಿಗೆ ಹೋದೆ. ಅವಳು ಈಗ ಆರಾಮವಾಗಿದ್ದಾಳೆ, ಎಣ್ಣೆಯದು ಜಾಸ್ತಿ ತಿಂದರೆ ಮಾತ್ರ ಹೊಟ್ಟೆ ಕೆಡುತ್ತದಂತೆ. ಯಾಕೆ ಬಂದೆ ಎಂದು ಕೇಳಿದಳು. ಸುಮ್ಮನೆ, ನೋಡಬೇಕನ್ನಿಸಿತು ಎಂದೆ. ಇಡೀ ದಿನ ಮಾತಾಡಿದೆವು, ಆ ಮಾತೊಂದನ್ನು ಬಿಟ್ಟು. ಸಂಜೆ ಬಸ್ ಸ್ಟ್ಯಾಂಡಿನವರೆಗೆ ಬಂದಳು. ನಾನು ಹತ್ತಿ ಕೂತ ಮೇಲೆ ಕಿಟಕಿಯ ಹತ್ತಿರ ನಿಂತು, ಏನನ್ನೋ ಬಹಳ ದಿನದಿಂದ ಕೇಳಬೇಕೆಂದಿದ್ದವಳ ಹಾಗೆ ಕೇಳಿದಳು: "ಅಕ್ಕಾ, ಅವ್ವ ಕಡೀಕ ನನ್ನ ಕೇಳಿದ್ಲೇನು?"

ಅಷ್ಟರಲ್ಲಿ ಡ್ರೈವರು ಗಾಡಿ ಚಾಲೂ ಮಾಡಿದ. ಆ ಸದ್ದಿಗೆ ಏನೂ ಕೇಳಿಸಲಿಲ್ಲ ಎಂಬಂತೆ ನಾನು ಅವಳಿಗೆ ಕೈ ಬೀಸಿದೆ.